ಇಳಿಜಾರಿನ ಸೈಕಲ್ಲು

ಒಕ್ಕಲುಮಕ್ಕಳ ಬದುಕಿನಲ್ಲಿ ‘ಹದ’ ಎಂಬ ಮಾತಿಗೆ ಇರುವಷ್ಟು ಬೆಲೆ ಬೇರೆ ಮಾತಿಗೆ ಇರಲಾರದು. ಮಳೆ ಬಿದ್ದ ಮರುಗಳಿಗೆಯೇ ಹೊಲಕ್ಕೆ ನೇಗಿಲು ಹೂಡುವವನನ್ನು ಯಾರೂ ಜಾಣನೆನ್ನುವುದಿಲ್ಲ. ಮಣ್ಣು ಹದಕ್ಕೆ ಬರುವವರೆಗೂ ರೈತನು ಕಾಯುತ್ತಾನೆ. ಹದ ಬಂದ ಮೇಲೂ ಕೊಟ್ಟಿಗೆಯ ನೇಗಿಲನ್ನು ತಂದು ಹಾಗೆಯೇ ಉಳುವುದಿಲ್ಲ. ಎತ್ತುಗಳ ಎತ್ತರವನ್ನು ನೋಡಿ, ನೆಲದ ಬಿಗುವನ್ನು ನೋಡಿ, ನೇಗಿಲನ್ನು ನೊಗಕ್ಕೆ ಕಟ್ಟುವ ಮಿಣಿಯನ್ನು ನಾಲ್ಕು ಬೆರಳು ಹಿಂದಕ್ಕೋ ಮುಂದಕ್ಕೋ ಸರಿಸುತ್ತಾನೆ. ಒಂದು ಸಾಲು ಉತ್ತು, ಬಗ್ಗಿ ಆಳವನ್ನು ನೋಡಿ, ಸರಿಯಿಲ್ಲವೆಂದು ಕಂಡರೆ ಮತ್ತೆ ಬಿಚ್ಚಿ ಕಟ್ಟುತ್ತಾನೆ. ಬಡಗಿ ಮಾಡಿಕೊಟ್ಟದ್ದು ಅರ್ಧ ನೇಗಿಲು ಮಾತ್ರ. ಉಳಿದ ಅರ್ಧವನ್ನು ಉಳುವವನೇ ಮಾಡಿಕೊಳ್ಳಬೇಕು.

ಈ ಮಾತು ಬೈಸಿಕಲ್ಲಿಗೂ ಸಲ್ಲುತ್ತದೆಯೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಹಣ ಕೊಟ್ಟು ಅಂಗಡಿಯಿಂದ ತಂದ ಮೇಲೆ ಸೈಕಲ್ಲು ಪೂರ್ಣವಾಯಿತೆಂದೂ ಉಳಿದಿರುವುದು ಹತ್ತಿ ತುಳಿಯುವ ಕೆಲಸವೊಂದೇ ಎಂದೂ ನಾವು ಭಾವಿಸುವುದುಂಟು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಹಳೆಯ ಸೈಕಲ್ ಅಂಗಡಿಗಳನ್ನು ಬಲ್ಲವರು ಈ ಮಾತನ್ನು ಒಪ್ಪಲಾರರು.

1817ರಲ್ಲಿ ಜರ್ಮನಿಯ ಕಾರ್ಲ್ ಡ್ರೈಸ್ ಎಂಬವನು ಪೆಡಲಿಲ್ಲದ ಮರದ ದ್ವಿಚಕ್ರವೊಂದನ್ನು ಮಾಡಿ, ಕಾಲಿನಿಂದ ನೆಲವನ್ನು ಒದೆಯುತ್ತ ಓಡಿಸಿದನು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎಂಬವನು ಹೆಚ್ಚುಕಡಮೆ ಸಮನಾದ ಎರಡು ಚಕ್ರಗಳ, ಹಿಂದಿನ ಚಕ್ರಕ್ಕೆ ಚೈನು ಇರುವ ಸೈಕಲ್ಲನ್ನು ಹೊರತಂದನು. 1888ರಲ್ಲಿ ಡನ್‌ಲಪ್ ಎಂಬವನು ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಈ ಮೂರು ಹೆಜ್ಜೆಗಳಿಂದ ರೂಪುಗೊಂಡ ವಾಹನವು, ಸ್ವಾತಂತ್ರ್ಯಾನಂತರ ಮದರಾಸು, ಸೋನೆಪತ್, ಲೂಧಿಯಾನಗಳಲ್ಲಿ ಕಾರ್ಖಾನೆಗಳು ಬೆಳೆದ ಮೇಲೆ, ನಮ್ಮ ಹಳ್ಳಿಗಳಿಗೂ ಧಾರಾಳವಾಗಿ ಬಂದಿತು. ಹಾಸನದ ಕಡೆ ಅದು ಆಲೂಗಡ್ಡೆಯ ಮೂಟೆಯನ್ನು ಹೊತ್ತಿತು. ಚನ್ನರಾಯಪಟ್ಟಣದ ಕಡೆ ತೆಂಗಿನಕಾಯಿಯ ಗೊನೆಗಳನ್ನು ಎರಡೂ ಮಗ್ಗುಲಿಗೆ ತೂಗಿಸಿಕೊಂಡಿತು. ಅರಕಲಗೂಡು, ಹೊಳೆನರಸೀಪುರಗಳ ಹಳ್ಳಿಗಳಲ್ಲಿ ಹಾಲಿನ ಕ್ಯಾನುಗಳನ್ನು ಡೇರಿಗೆ ಮುಟ್ಟಿಸಿತು. 2006-07ರಲ್ಲಿ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿದ ಮೇಲೆ, ಮುಂದಿನ ಹಲವು ವರ್ಷಗಳಲ್ಲಿ, ಹಳ್ಳಿಯ ಲಕ್ಷಾಂತರ ಹುಡುಗಿಯರೂ ಹುಡುಗರೂ ಅದರ ಮೇಲೇರಿ ಶಾಲೆಗೆ ಹೋದರು.

ಆ ಹಿಂದಿನ ದಿನಗಳಲ್ಲಿ ಹೊಸ ಸೈಕಲ್ಲು ಬಿಡಿಬಿಡಿಯಾಗಿ ಬರುತ್ತಿತ್ತು. ಕಾಗದ ಸುತ್ತಿದ ಫ್ರೇಮು, ಬರಿಯ ರಿಮ್ಮುಗಳು, ಹಬ್ಬುಗಳು, ಕಟ್ಟು ಕಟ್ಟಾಗಿ ಸ್ಪೋಕುಗಳು. ಮುಂದಿನ ಚಕ್ರಕ್ಕೆ 32 ಸ್ಪೋಕು, ಭಾರ ಹೊರುವ ಹಿಂದಿನ ಚಕ್ರಕ್ಕೆ 40 ಸ್ಪೋಕು. ಅವನ್ನೆಲ್ಲ ಒಂದೊಂದಾಗಿ ಹೆಣೆದು, ಚಕ್ರವನ್ನು ತಿರುಗಿಸಿ, ಬೆಂಡು ತೆಗೆದು, ಕೊಳ್ಳುವವನನ್ನೇ ಮೇಲೆ ಕೂರಿಸಿ, ಅವನ ಕಾಲಿನ ಉದ್ದಕ್ಕೆ ಸೀಟನ್ನು ಇಳಿಸಿಯೋ ಏರಿಸಿಯೋ ಕೊಡುವಷ್ಟರಲ್ಲಿ ಒಂದು ಹಗಲು ಕಳೆಯುತ್ತಿತ್ತು. ಅರಿಸಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟು, ಸೈಕಲ್ಲನ್ನು ಮುಂದಕ್ಕೆ ನೂಕುವ ವೇಳೆಗೆ ಅದು ಕಾರ್ಖಾನೆಯ ಸೈಕಲ್ಲಾಗಿ ಉಳಿಯುತ್ತಿರಲಿಲ್ಲ, ಇಂಥವರ ಸೈಕಲ್ಲಾಗಿರುತ್ತಿತ್ತು.

ಅಂಥ ಅಂಗಡಿಯೊಂದು ಹೊಳೆನರಸೀಪುರದಲ್ಲಿ ಉಂಟು. ಅದರ ಯಜಮಾನರು ಸೈಕಲ್ಲುಗಳ ನಡುವೆಯೇ ತಲೆ ನರೆಸಿದವರು. ಒಂದು ಶನಿವಾರದ ಬೆಳಗ್ಗೆ ಅವರ ಸೋದರಳಿಯನು, ಆಳೆತ್ತರದ ಒಂದು ರಟ್ಟಿನ ಪೆಟ್ಟಿಗೆಯನ್ನು ಸರಕಿನ ಆಟೋದಲ್ಲಿ ಹೇರಿಕೊಂಡು ಆ ಅಂಗಡಿಯ ಮುಂದೆ ಇಳಿದನು. ಅವನ ಊರು ಅರಕಲಗೂಡು ತಾಲ್ಲೂಕಿನ ಒಂದು ಹಳ್ಳಿ. ಕೆಲಸ ಹಾಸನದ ಒಂದು ಯಂತ್ರಾಗಾರದಲ್ಲಿ. ನಾಲ್ಕು ವರ್ಷ ತಿಂಗಳು ತಿಂಗಳಿಗೆ ಕೂಡಿಟ್ಟ ಹಣವನ್ನೆಲ್ಲ ಅವನು ಆ ಪೆಟ್ಟಿಗೆಗೆ ಸುರಿದಿದ್ದನು. ಆ ಹಣಕ್ಕೆ ಒಳ್ಳೆಯ ಮೋಟಾರು ಸೈಕಲ್ಲೇ ಬರುತ್ತಿತ್ತೆಂದು ತಂದೆ ಎರಡು ದಿನ ಮಾತು ಬಿಟ್ಟಿದ್ದರು. ತಾಯಿಯದು ಬೇರೆ ಚಿಂತೆ. “ಗುಡ್ಡದ ಮೇಲಿಂದ ಕೆಳಕ್ಕೆ ಬಿಡೋ ಸೈಕಲ್ಲಂತೆ ಅಣ್ಣ. ನೀನೇ ಒಂದ್ಸಲ ನೋಡಿ ಕೊಡು” ಎಂದು ಅವರು ಅಣ್ಣನಿಗೆ ಹೇಳಿಕಳುಹಿಸಿದ್ದರು.

ಗುಡ್ಡದಿಂದ ಇಳಿಯುವುದಕ್ಕೆಂದೇ ಬೇರೆ ಸೈಕಲ್ಲು ಏಕೆ ಬೇಕು? ಇದರ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರಕ್ಕಿರುವ ಬೆಟ್ಟಗಳಲ್ಲಿ, ಕೆಲವು ತರುಣರು ತಮ್ಮ ಹಿರಿಯರ ಕಾಲದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿದ್ದರು. 1976ನೆಯ ಅಕ್ಟೋಬರ್ 21ರಂದು ಅವರು ಅಲ್ಲಿ ಒಂದು ಪಂದ್ಯವನ್ನೇ ನಡೆಸಿದರು. ಎರಡು ಮೈಲಿಗೂ ಕಡಿಮೆ ದೂರದಲ್ಲಿ ಆ ದಾರಿ ಸುಮಾರು 1300 ಅಡಿ ಇಳಿಯುತ್ತದೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು ಆ ಸೈಕಲ್ಲುಗಳದು. ಇಳಿಯುವಷ್ಟರಲ್ಲಿ ಹಬ್ಬು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿಸಲವೂ ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗಿದ್ದುದರಿಂದ ಆ ಇಳಿಜಾರಿಗೇ ‘ರಿಪ್ಯಾಕ್’ ಎಂದು ಹೆಸರಾಯಿತು. ಮರುವರ್ಷ, 1977ರಲ್ಲಿ, ಆ ಗುಂಪಿನ ಜೋ ಬ್ರೀಜ್ ಎಂಬವನು ಬೆಟ್ಟಕ್ಕೆಂದೇ ಹೊಸ ಫ್ರೇಮನ್ನು ಕಟ್ಟಿದನು. 1990ರಲ್ಲಿ ಕೊಲೊರಾಡೊ ಸಂಸ್ಥಾನದ ಡುರಾಂಗೊ ಎಂಬಲ್ಲಿ ಬೆಟ್ಟದ ಸೈಕಲ್ಲಿನ ಮೊದಲ ಅಧಿಕೃತ ವಿಶ್ವ ಪಂದ್ಯಗಳು ನಡೆದವು. ಇಳಿಯುವ ಪಂದ್ಯವೂ ಅವುಗಳಲ್ಲಿ ಒಂದಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ಈ ಕ್ರೀಡೆಯ ಮೊದಲ ತಲೆನೋವು ವೇಗದ್ದಲ್ಲ, ನಿಲ್ಲಿಸುವುದರದು.

ಪೆಟ್ಟಿಗೆಯನ್ನು ಬಿಚ್ಚಿದಾಗ ಯಜಮಾನರು ಕೆಲಹೊತ್ತು ಸುಮ್ಮನೆ ನಿಂತು ನೋಡಿದರು. ಮಡ್‌ಗಾರ್ಡಿಲ್ಲ, ಕ್ಯಾರಿಯರಿಲ್ಲ, ಗಂಟೆಯಿಲ್ಲ, ಸ್ಟ್ಯಾಂಡೂ ಇಲ್ಲ. ಮುಂದಿನ ಚಕ್ರವನ್ನು ಹಿಡಿಯುವ ಫೋರ್ಕು ಮಾತ್ರ ಮೋಟಾರು ಸೈಕಲ್ಲಿನದರಂತೆ ಎರಡು ದಪ್ಪ ಕೊಳವೆಗಳದು. ಹಿಂದಿನ ಚಕ್ರವು ಫ್ರೇಮಿಗೆ ನೇರವಾಗಿ ಸೇರದೆ, ಕೀಲುಗಳ ಮೇಲೆ ಮೇಲೂ ಕೆಳಗೂ ಆಡುತ್ತಿತ್ತು. ನಡುವೆ ಗಾಳಿ ತುಂಬುವ ಒಂದು ಷಾಕ್ ಅಬ್ಸಾರ್ಬರು. ಮುಂದೆಯೂ ಹಿಂದೆಯೂ ಚಕ್ರ 200 ಮಿಲಿಮೀಟರು, ಎಂದರೆ ಸುಮಾರು ಒಂದು ಗೇಣು, ಮೇಲಕ್ಕೆ ಹೋಗಬಲ್ಲದು. ಎರಡು ಚಕ್ರಕ್ಕೂ ತಟ್ಟೆಯಂಥ ಡಿಸ್ಕು ಬ್ರೇಕುಗಳು.

“ಇದರಲ್ಲಿ ನನಗೆ ಗೊತ್ತಿರೋದು ಚಕ್ರ ಒಂದೇ ಕಣಪ್ಪ” ಎಂದು ನಕ್ಕು ಯಜಮಾನರು ಅಲ್ಲಿಂದಲೇ ಆರಂಭಿಸಿದರು. ಚಕ್ರವನ್ನು ಕೂಡಿಸಿ, ತಿರುಗಲು ಬಿಟ್ಟು, ರಿಮ್ಮಿನ ಮಗ್ಗುಲಿಗೆ ಒಂದು ಸೀಮೆಸುಣ್ಣದ ತುಂಡನ್ನು ಅಲುಗದಂತೆ ಹಿಡಿದರು. ಬೆಂಡಿರುವ ಕಡೆ ಸುಣ್ಣದ ಗುರುತು ಬಿತ್ತು. ಆ ಜಾಗದ ಸ್ಪೋಕುಗಳನ್ನು ಒಂದು ಕಡೆ ಕಾಲು ಸುತ್ತು ಬಿಗಿದು, ಎದುರು ಕಡೆ ಕಾಲು ಸುತ್ತು ಸಡಿಲಿಸಿದರು. ಬಳಿಕ ಒಂದೊಂದು ಸ್ಪೋಕನ್ನೂ ಉಗುರಿನಿಂದ ಮೀಟಿ ಕಿವಿಗೊಟ್ಟರು. ಬಿಗುವು ಸಮನಾಗಿದ್ದರೆ ಒಂದೇ ಬದಿಯ ಸ್ಪೋಕುಗಳು ಒಂದೇ ಶ್ರುತಿಯಲ್ಲಿ ನುಡಿಯುತ್ತವೆ. ಎಲ್ಲಿಯೋ ಒಂದು ಸಡಿಲವಾದ ಸ್ಪೋಕು ಮಂದವಾಗಿ ನುಡಿದರೆ, ಅದು ಹೊರಬೇಕಾದ ಭಾರವನ್ನು ಅಕ್ಕಪಕ್ಕದವು ಹೊತ್ತು, ಕಡೆಗೊಮ್ಮೆ ಮುರಿಯುತ್ತವೆ. ಎಷ್ಟು ಹೊಸ ಸೈಕಲ್ಲಾದರೂ ಈ ನಿಯಮ ಹಳೆಯದೇ.

ಪೆಡಲು ಹಾಕುವಾಗ ಅವರಿಗೆ ಹೇಳಿಕೊಡಬೇಕಾದ್ದೇನೂ ಇರಲಿಲ್ಲ. ಎಡಗಡೆಯ ಪೆಡಲಿನ ಮರೆ ಉಲ್ಟಾ ಇರುತ್ತದೆ. ಅದನ್ನು ಎಡಕ್ಕೆ ತಿರುಗಿಸಿದರೇ ಬಿಗಿಯಾಗುವುದು. ತುಳಿಯುವಾಗ ಪೆಡಲು ತಾನಾಗಿಯೇ ಬಿಚ್ಚಿಕೊಳ್ಳದಿರಲೆಂದು ಹಾಗೆ ಮಾಡಿರುತ್ತಾರೆ. ಹ್ಯಾಂಡಲನ್ನು ಹಿಡಿಯುವ ಬೋಲ್ಟುಗಳ ಬಳಿ ಮಾತ್ರ ಅವರ ಕೈ ತಪ್ಪಿತು. ಮೂಟೆ ಹೊರುವ ಸೈಕಲ್ಲಿಗೆ ಬಿಗಿಯುವಂತೆ ಅವರು ಒಂದು ಬೋಲ್ಟನ್ನು ಬಿಗಿಯಹೊರಟಾಗ ಅಳಿಯನು ತಡೆದು, ಯಂತ್ರಾಗಾರದಿಂದ ತಂದಿದ್ದ ಟಾರ್ಕ್ ವ್ರೆಂಚನ್ನು ಮುಂದಿಟ್ಟನು. ಆ ಬೋಲ್ಟಿಗೆ ಬೇಕಾದ ಬಿಗುವು 5 ನ್ಯೂಟನ್-ಮೀಟರು. ಅರ್ಧ ಮೀಟರು ಉದ್ದದ ಹಿಡಿಯ ತುದಿಗೆ ಒಂದು ಕಿಲೋಗ್ರಾಂ ತೂಕವನ್ನು ತೂಗಿಬಿಟ್ಟರೆ ಎಷ್ಟು ತಿರುಚು ಉಂಟಾಗುವುದೋ ಹೆಚ್ಚುಕಡಮೆ ಅಷ್ಟು. ಅದಕ್ಕಿಂತ ಹೆಚ್ಚಾದರೆ ತೆಳುವಾದ ಲೋಹ ಬಿರಿಯುತ್ತದೆ. ಕಡಿಮೆಯಾದರೆ ಇಳಿಜಾರಿನಲ್ಲಿ ಹ್ಯಾಂಡಲು ತಿರುಗಿಬಿಡುತ್ತದೆ. ನಾಲ್ಕು ಬೋಲ್ಟುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಯಜಮಾನರು ವ್ರೆಂಚು ‘ಟಕ್’ ಎನ್ನುವುದನ್ನು ಎರಡು ಸಲ ಕೇಳಿ, ಮೂರನೆಯ ಬೋಲ್ಟನ್ನು ಬರಿಗೈಯ ಅಂದಾಜಿನಿಂದ ಬಿಗಿದು, ನಾಲ್ಕನೆಯದಕ್ಕೆ ಕೈಹಾಕುವ ಮೊದಲು, “ಈಗ ನಿನ್ನ ಯಂತ್ರದಿಂದ ನೋಡು” ಎಂದರು. ವ್ರೆಂಚನ್ನು ಹಾಕಿ ತಿರುಗಿಸಿದೊಡನೆ ಅದು ‘ಟಕ್’ ಎಂದಿತು. ಕೈಯೂ ಹೊಸ ಪಾಠವನ್ನು ಕಲಿಯಬಲ್ಲದು.

ಮುಂದಿನದು ನಗು ತರಿಸುವ ಪ್ರಸಂಗ. ಐವತ್ತು ವರ್ಷದ ಅಭ್ಯಾಸದಂತೆ ಯಜಮಾನರು ಎಣ್ಣೆಯ ಡಬ್ಬಿಯನ್ನು ಹಿಡಿದು, ಚೈನಿಗೆ ಬಿಟ್ಟು, ಅಲ್ಲಿಂದ ಡಿಸ್ಕಿನ ಕಡೆಗೆ ತಿರುಗಿದರು.

“ಮಾವ, ಮಾವ! ಅದಕ್ಕೆ ಬೇಡಿ!” ಎಂದು ಅಳಿಯನು ಕೂಗಿಕೊಂಡನು.

“ಯಾಕಪ್ಪ, ಕಬ್ಬಿಣಕ್ಕೆ ಎಣ್ಣೆ ಬೇಡವೆ?”

“ಒಂದು ತೊಟ್ಟು ತಾಗಿದರೂ ಬ್ರೇಕು ಹಿಡಿಯೋದಿಲ್ಲ ಮಾವ. ಬೆರಳಿನ ಜಿಡ್ಡೂ ಆಗೋದಿಲ್ಲ.”

ಯಜಮಾನರು ಡಬ್ಬಿಯನ್ನು ಕೆಳಗಿಟ್ಟರು. ಅವರಿಗೆ ಸಿಟ್ಟು ಬರಲಿಲ್ಲ. ಎಣ್ಣೆಯ ಕೈಯನ್ನು ಸೋಪು ಹಾಕಿ ತೊಳೆದುಕೊಂಡು ಬಂದು, ಡಿಸ್ಕನ್ನು ಮುಟ್ಟದೆ, ಬ್ರೇಕಿನ ಹಿಡಿಯನ್ನು ಮಾತ್ರ ಒಂದೇ ಬೆರಳಿನಿಂದ ಒತ್ತಿ ನೋಡಿದರು. ಚಕ್ರ ಗಕ್ಕನೆ ನಿಂತಿತು. ಕೊಳವೆಯೊಳಗಿನ ಎಣ್ಣೆಯು ಬೆರಳಿನ ಒತ್ತಡವನ್ನು ಡಿಸ್ಕಿನವರೆಗೆ ಒಯ್ದು, ಅಲ್ಲಿ ಬಹುವಾಗಿ ಹೆಚ್ಚಿಸುವ ಏರ್ಪಾಡು ಅದು. ಯಜಮಾನರು ಮತ್ತೊಮ್ಮೆ ಒತ್ತಿದರು. ಅವರ ಹುಬ್ಬು ಗಂಟಿಕ್ಕಿತು.

“ಇದು ಯಾವ ಚಕ್ರದ್ದು?”

“ಮುಂದಿನದು ಮಾವ.”

“ಮುಂದಿನ ಬ್ರೇಕು ಎಡಗೈಗೆ ಯಾಕೆ ಬಂತು?”

ಅಳಿಯನು ಆ ಕ್ಷಣದವರೆಗೂ ಅದನ್ನು ಗಮನಿಸಿರಲಿಲ್ಲ. ನಮ್ಮ ದೇಶದ ಸೈಕಲ್ಲುಗಳಲ್ಲಿ, ಇಂಗ್ಲೆಂಡಿನ ರೂಢಿಯಂತೆ, ಬಲಗೈಯ ಹಿಡಿ ಮುಂದಿನ ಚಕ್ರಕ್ಕೆ, ಎಡಗೈಯ ಹಿಡಿ ಹಿಂದಿನ ಚಕ್ರಕ್ಕೆ. ಅಮೆರಿಕ ಮತ್ತು ಯೂರೋಪಿನ ಬಹುತೇಕ ದೇಶಗಳಲ್ಲಿ ಇದು ತಿರುವುಮುರುವು. ಆ ಪೆಟ್ಟಿಗೆ ಹೊರದೇಶದ ರೂಢಿಯಂತೆ ಜೋಡಣೆಯಾಗಿ ಬಂದಿತ್ತು. ಯಂತ್ರದಲ್ಲಿ ಯಾವ ಕೊರತೆಯೂ ಇರಲಿಲ್ಲ. ಅದು ಬೇರೆಯವರ ಕೈಗೆ ಹದವಾಗಿತ್ತು, ಅಷ್ಟೆ.

“ಅದೇನು ಮಹಾ ಮಾವ, ಎರಡು ದಿನ ಓಡಿಸಿದರೆ ರೂಢಿಯಾಗುತ್ತೆ. ನಾಳೆ ಬೆಳಗ್ಗೆ ಎಂಟಕ್ಕೆ ಸಕಲೇಶಪುರದಲ್ಲಿ ಇರಬೇಕು, ಹುಡುಗರು ಕಾಯುತ್ತಾರೆ” ಎಂದನು ಅಳಿಯ.

ಯಜಮಾನರು ಸ್ಟೂಲಿನ ಮೇಲೆ ಕುಳಿತರು. “ನೀನು ಒಳಪೆಡಲು ತುಳಿಯೋದನ್ನ ಕಲಿತದ್ದು ಇದೇ ಅಂಗಡಿಯ ಮುಂದೆ ಅಲ್ಲವೆ? ಆವಾಗ ನಾಯಿ ಅಡ್ಡ ಬಂದರೆ ಯಾವ ಕೈ ಒತ್ತುತ್ತಿದ್ದೆ?” ಎಂದು ಕೇಳಿದರು.

ಅಳಿಯನು ಉತ್ತರ ಹೇಳುವ ಮೊದಲೇ ಅವನ ಎಡಗೈಯ ಬೆರಳುಗಳು ಮಡಿಚಿಕೊಂಡಿದ್ದವು.

“ನೋಡು, ಬಾಯಿಗಿಂತ ಮುಂಚೆ ಕೈ ಹೇಳಿತು. ತಲೆಗೆ ಎರಡು ದಿನದಲ್ಲಿ ರೂಢಿಯಾಗುತ್ತೆ ಕಣಪ್ಪ. ಹೆದರಿದ ಕೈಗೆ ಆಗೋದಿಲ್ಲ. ಇಳಿಜಾರಲ್ಲಿ ಹೆದರಿ ಎಡಗೈ ಹಿಡಿದೆಯೋ, ಮುಂದಿನ ಚಕ್ರ ಕಚ್ಚಿ ನಿಲ್ಲುತ್ತೆ, ನೀನು ನಿಲ್ಲೋದಿಲ್ಲ.”

ಮಾತು ಹೆಚ್ಚು ಬೆಳೆಯಲಿಲ್ಲ. ಆ ಹಿಡಿಗಳು ಎರಡು ಕಡೆಗೂ ಒಗ್ಗುವಂಥವಾಗಿದ್ದುದರಿಂದ, ಕೊಳವೆಯನ್ನು ಬಿಚ್ಚದೆಯೇ, ಬಲದ್ದನ್ನು ಎಡಕ್ಕೂ ಎಡದ್ದನ್ನು ಬಲಕ್ಕೂ ಬದಲಾಯಿಸುವುದು ಸಾಧ್ಯವಾಯಿತು. ಆದರೂ ಕೊಳವೆಗಳ ದಾರಿಯನ್ನು ಸರಿಪಡಿಸಿ, ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ಎಲ್ಲಿಯೂ ಜಗ್ಗುವುದಿಲ್ಲವೆಂದು ನೋಡಿ, ಹಿಡಿಗಳ ಓರೆಯನ್ನು ಅಳಿಯನ ಮಣಿಕಟ್ಟಿಗೆ ಹೊಂದಿಸುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಮರುದಿನದ ಪ್ರಯಾಣವನ್ನು ಅಳಿಯನು ಒಂದು ವಾರ ಮುಂದೂಡಿದನು. ಆ ಸಂಜೆ ಹೊಳೆಯ ಕಡೆಯ ಸಮತಟ್ಟಾದ ರಸ್ತೆಯಲ್ಲಿ, ಜನಸಂಚಾರ ಕಡಿಮೆಯಾದ ಮೇಲೆ, ವೇಗವಾಗಿ ಬಂದು ನಿಧಾನಕ್ಕೆ ತರುವುದನ್ನು ಒಂದೊಂದು ಬ್ರೇಕಿನಿಂದ ಇಪ್ಪತ್ತು ಇಪ್ಪತ್ತು ಸಲ ಮಾಡಿದನು. ಹೊಸ ಡಿಸ್ಕು ಬ್ರೇಕು ಹೀಗೆ ಪಳಗಿದ ಮೇಲೆಯೇ ತನ್ನ ಪೂರ್ತಿ ಹಿಡಿತವನ್ನು ಕೊಡುತ್ತದೆ.

ಮಾರನೆಯ ದಿನ ಭಾನುವಾರ, ಸ್ಪ್ರಿಂಗಿನ ಹದ ನೋಡುವ ಕೆಲಸ. ಇಳಿಜಾರಿನ ಸೈಕಲ್ಲಿನಲ್ಲಿ ಸವಾರನು ಹತ್ತಿದೊಡನೆ, ಅವನ ಭಾರದಿಂದಲೇ, ಸ್ಪ್ರಿಂಗು ಸ್ವಲ್ಪ ಕುಗ್ಗಬೇಕು. ಹಾಗೆ ಕುಗ್ಗಿದರೆ ಮಾತ್ರ ಚಕ್ರವು ಗುಂಡಿಗೆ ಇಳಿಯಬೇಕಾದಾಗ ಕೆಳಕ್ಕೂ, ಕಲ್ಲು ಬಂದಾಗ ಮೇಲಕ್ಕೂ ಚಲಿಸಿ ನೆಲವನ್ನು ಬಿಡದೆ ಹಿಡಿದಿರುತ್ತದೆ. ಹಿಂದಿನದು ಸುಮಾರು 100ಕ್ಕೆ 30ರಷ್ಟು, ಮುಂದಿನದು 20ರಿಂದ 25ರಷ್ಟು ಕುಗ್ಗಬೇಕೆಂಬುದು ಸಾಮಾನ್ಯವಾದ ಲೆಕ್ಕ. ಆ ಸೈಕಲ್ಲಿನ ಹಿಂದಿನ ಷಾಕ್ ಅಬ್ಸಾರ್ಬರಿನ ದಂಡ ಪೂರ್ತಿ ಕುಗ್ಗಿದರೆ 75 ಮಿಲಿಮೀಟರು. ಅಂದರೆ ಸವಾರನ ಭಾರಕ್ಕೆ ಸುಮಾರು 22 ಮಿಲಿಮೀಟರು ಕುಗ್ಗಬೇಕು. ಹೆಲ್ಮೆಟ್ಟು, ಮೊಣಕಾಲಿನ ಕವಚ, ಬೂಟುಗಳೆಲ್ಲ ಸೇರಿ ಅಳಿಯನು ಪೆಡಲುಗಳ ಮೇಲೆ ನಿಂತನು. ಯಜಮಾನರು ಹ್ಯಾಂಡಲನ್ನು ಹಿಡಿದುಕೊಂಡರು. ದಂಡದ ಮೇಲಿನ ರಬ್ಬರ್ ಉಂಗುರವು 15 ಮಿಲಿಮೀಟರು ಮಾತ್ರ ಸರಿದಿತ್ತು. ಕಾರ್ಖಾನೆಯವರು ತನಗಿಂತ ಭಾರಿ ಆಳನ್ನು ಕಲ್ಪಿಸಿಕೊಂಡು ಗಾಳಿ ತುಂಬಿದ್ದರೆಂದು ಅಳಿಯನು ನಕ್ಕನು. ಸ್ವಲ್ಪ ಸ್ವಲ್ಪ ಗಾಳಿಯನ್ನು ಬಿಟ್ಟು, ಇಳಿದು ಹತ್ತಿ, ಮತ್ತೆ ಅಳೆದು, ಐದನೆಯ ಸಲಕ್ಕೆ ಉಂಗುರ 22ಕ್ಕೆ ಬಂದು ನಿಂತಿತು.

ಯಜಮಾನರಿಗೆ ಇದನ್ನು ವಿವರಿಸುವ ಅಗತ್ಯ ಬೀಳಲಿಲ್ಲ. “ಗಾಡಿ ಹೇರಿದ ಹಾಗೆ” ಎಂದರು ಅವರು. ಎತ್ತಿನ ಗಾಡಿಗೆ ಹೇರುವವರು ಮುಂಭಾರ, ಹಿಂಭಾರ ನೋಡುತ್ತಾರೆ. ಭಾರ ಮುಂದಾದರೆ ಎತ್ತಿನ ಹೆಗಲು ಹುಣ್ಣಾಗುತ್ತದೆ. ಹಿಂದಾದರೆ ನೊಗವೇ ಮೇಲಕ್ಕೆದ್ದು ಎತ್ತಿನ ಕೊರಳನ್ನು ಬಿಗಿಯುತ್ತದೆ. ಅವರ ಮಾತನ್ನು ಹಿಡಿದು ಅಳಿಯನು ಮುಂದಿನ ಫೋರ್ಕಿನ ಗಾಳಿಯನ್ನೂ ಹೊಂದಿಸಿದನು. 200 ಮಿಲಿಮೀಟರಿಗೆ 45 ಮಿಲಿಮೀಟರು ಕುಗ್ಗಿತು. ಬಳಿಕ ಕುಗ್ಗಿದ ಸ್ಪ್ರಿಂಗು ಮೇಲಕ್ಕೆ ಏಳುವ ವೇಗವನ್ನು ನೋಡಿದರು. ಅದಕ್ಕೆಂದು ಇರುವ ತಿರುಗಣಿಯನ್ನು ಸಡಿಲ ಬಿಟ್ಟರೆ ಸ್ಪ್ರಿಂಗು ಪುಟಿದೆದ್ದು ಸವಾರನನ್ನು ಎಸೆಯುತ್ತದೆ. ಅತಿಯಾಗಿ ಬಿಗಿದರೆ ಒಂದು ಕಲ್ಲಿಗೆ ಕುಗ್ಗಿದ್ದು ಮೇಲೇಳುವಷ್ಟರಲ್ಲಿ ಎರಡನೆಯ ಕಲ್ಲು, ಮೂರನೆಯ ಕಲ್ಲು ಬಂದು, ಕಡೆಗೆ ಸ್ಪ್ರಿಂಗೇ ಇಲ್ಲದಂತಾಗುತ್ತದೆ. ಅಂಗಡಿಯ ಮೆಟ್ಟಿಲಿನಿಂದ ಸೈಕಲ್ಲನ್ನು ಇಳಿಸಿ ನೋಡಿ, ಒಮ್ಮೆ ಪುಟಿದು ಸ್ಥಿರವಾಗುವಂತೆ ಅದನ್ನು ನಿಲ್ಲಿಸಿದರು.

ಟೈರಿನ ಗಾಳಿಯ ವಿಚಾರದಲ್ಲಿ ಮಾತ್ರ ಇಬ್ಬರಿಗೂ ಕೊಂಚ ವಾದವಾಯಿತು. ಹೆಬ್ಬೆರಳಿಗೆ ಕಲ್ಲಿನಂತೆ ಗಟ್ಟಿಯಾಗಿರುವ ಟೈರೇ ಒಳ್ಳೆಯ ಟೈರೆಂದು ಯಜಮಾನರ ನಂಬಿಕೆ. ಅಳಿಯನು ಮುಂದಿನದಕ್ಕೆ ಚದರಂಗುಲಕ್ಕೆ 23 ಪೌಂಡು, ಹಿಂದಿನದಕ್ಕೆ 26 ಪೌಂಡು ಎಂದಾಗ, “ರಿಮ್ಮು ಕಲ್ಲಿಗೆ ಬಡಿಯುತ್ತೆ ನೋಡು” ಎಂದು ಎಚ್ಚರಿಸಿದರು. ಅಗಲವಾದ ಟೈರು ಮೆತ್ತಗಿದ್ದರೆ ಬೇರಿನ ಮೇಲೂ ಬಂಡೆಯ ಮೇಲೂ ಹರಡಿ ಹಿಡಿಯುತ್ತದೆ ಎಂಬುದು ಅಳಿಯನ ವಾದ. ಇಬ್ಬರ ಮಾತೂ ನಿಜವೇ. ನಿರ್ಣಯ ಹೇಳಬೇಕಾದದ್ದು ದಾರಿ.

ಹೊಳೆನರಸೀಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿಯ ದಾರಿಗೆ ಎದುರಾಗಿ ಗೊರೂರಿನ ಅಣೆಕಟ್ಟನ್ನು ದಾಟಿ ಮೇಲಕ್ಕೆ ಹೋದರೆ, ಬಯಲು ಮುಗಿದು ಸಕಲೇಶಪುರದ ಮಲೆನಾಡು ಬರುತ್ತದೆ. ಅಲ್ಲಿಯ ಒಂದು ಕಾಫಿ ತೋಟದ ಯಜಮಾನರ ಒಪ್ಪಿಗೆ ಪಡೆದು, ಗುಡ್ಡದ ನೆತ್ತಿಯಿಂದ ಕಣದವರೆಗೆ ಇಳಿಯುವ ಕಾಲುದಾರಿಯಲ್ಲಿ, ಮುಂದಿನ ಭಾನುವಾರ ಅಳಿಯನೂ ಅವನ ಗೆಳೆಯರೂ ಸೇರಿದರು. ಅಂಗಡಿಗೆ ಬೀಗ ಹಾಕಿ ಮಾವನೂ ಬಂದಿದ್ದರು. ಬೆಳಗ್ಗೆ ಇಡೀ ದಾರಿಯನ್ನು ಮೊದಲು ಕಾಲ್ನಡಿಗೆಯಲ್ಲಿ ಇಳಿದು ನೋಡಿದರು. ಆಮೇಲೆ ಸೈಕಲ್ಲನ್ನು ಮೇಲಕ್ಕೆ ನೂಕಿಕೊಂಡು ಹೋಗಿ, ನಿಧಾನವಾಗಿ ಒಮ್ಮೆ ಇಳಿದದ್ದಾಯಿತು.

ಅಳಿಯನ ಜೇಬಿನಲ್ಲಿ ಒಂದು ಚಿಕ್ಕ ಪುಸ್ತಕವಿತ್ತು. ಪ್ರತಿಯೊಂದು ಇಳಿತದ ಬಳಿಕವೂ ಅದರಲ್ಲಿ ಬರೆದುಕೊಳ್ಳುತ್ತಿದ್ದನು. ಮೊದಲ ಇಳಿತದಲ್ಲಿ ಹಿಂದಿನ ರಿಮ್ಮು ಒಂದು ಕಲ್ಲಿಗೆ ಬಡಿದು ಸದ್ದಾಯಿತು. ಮಾವ ಹೇಳಿದ್ದು ನಿಜವಾಯಿತು. ಹಿಂದಿನ ಟೈರಿಗೆ 2 ಪೌಂಡು ಗಾಳಿ ಹೆಚ್ಚಿಸಿದನು. ಬೇರೇನನ್ನೂ ಮುಟ್ಟಲಿಲ್ಲ. ಎರಡನೆಯ ಇಳಿತದಲ್ಲಿ ಸದ್ದು ನಿಂತಿತು. ಆದರೆ ಬೇರುಗಳ ಸಾಲಿನಲ್ಲಿ ಮುಂಭಾಗ ಪುಟಿಯುವಂತೆ ತೋರಿತು. ಫೋರ್ಕಿನ ತಿರುಗಣಿಯನ್ನು ಎರಡು ಕ್ಲಿಕ್ಕು ಬಿಗಿದನು. ಆಗಲೂ ಬೇರೇನನ್ನೂ ಮುಟ್ಟಲಿಲ್ಲ. ಒಮ್ಮೆಗೆ ಒಂದೇ ಬದಲಾವಣೆ, ಅದೂ ಅದೇ ದಾರಿಯಲ್ಲಿ. ಒಟ್ಟಿಗೆ ಎರಡನ್ನು ಬದಲಾಯಿಸಿದರೆ ಗುಣವಾದದ್ದು ಯಾವುದರಿಂದ, ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ಬಗೆಯಿಲ್ಲ. ಪ್ರಯೋಗಶಾಲೆಯಲ್ಲಿ ಕಲಿಸುವ ಈ ನಿಯಮವನ್ನು ಅವನು ಗುಡ್ಡದ ಮೇಲೆ ಪಾಲಿಸುತ್ತಿದ್ದನು.

ಮೂರನೆಯ ಇಳಿತದಲ್ಲಿ ಸೈಕಲ್ಲು ನಿಜವಾಗಿ ಹಗುರವಾಗಿ ಹರಿಯಿತು. ನಡುಗುಡ್ಡದಲ್ಲಿ ದಾರಿ ಸಿಲ್ವರ್ ಮರಗಳ ಹಿಂದೆ ಬಲಕ್ಕೆ ತಿರುಗುತ್ತದೆ. ಆ ತಿರುವಿನಲ್ಲಿ ಅಳಿಯನು ಬರುವುದಕ್ಕೂ, ಕಾಫಿ ಗಿಡಗಳ ಸಂದಿಯಿಂದ ಒಂದು ಎಳೆಗರು ದಾರಿಗೆ ನೆಗೆದು ನಿಲ್ಲುವುದಕ್ಕೂ ಸರಿಹೋಯಿತು. ಆಲೋಚಿಸುವುದಕ್ಕೆ ಅಲ್ಲಿ ಸಮಯವಿರಲಿಲ್ಲ. ಎಡಗೈಯ ಬೆರಳು ಬಿಗಿಯಾಗಿ ಮಡಿಚಿಕೊಂಡಿತು. ಹಿಂದಿನ ಚಕ್ರ ತೆವಳುತ್ತ ಓರೆಯಾಯಿತು, ಮಣ್ಣು ಚೆಲ್ಲಿತು. ಅಷ್ಟರಲ್ಲಿ ಎಚ್ಚೆತ್ತ ಬಲಗೈ ಮುಂದಿನ ಬ್ರೇಕನ್ನು ಮೆಲ್ಲಗೆ, ಇನ್ನೂ ಮೆಲ್ಲಗೆ ಒತ್ತಿತು. ಕರುವಿನಿಂದ ಒಂದು ಮಾರು ದೂರದಲ್ಲಿ ಸೈಕಲ್ಲು ನಿಂತಿತು. ಕರು ಅವನನ್ನು ದಿಟ್ಟಿಸಿ ನೋಡಿ, ಏನೂ ಆಗದಂತೆ ದಾರಿ ದಾಟಿ ಹೋಯಿತು.

ಕೆಳಗೆ ಕಣದಲ್ಲಿ ನಿಂತಿದ್ದ ಮಾವನಿಗೆ ಅದು ಕಂಡಿರಲಿಲ್ಲ. ಅಳಿಯನು ಬಂದು ಹೇಳಿದಾಗ ಅವರು ಮೊದಲು ಅವನ ಎರಡು ಅಂಗೈಗಳನ್ನೂ ಹಿಡಿದು ನೋಡಿದರು. “ಇಳಿಜಾರಲ್ಲಿ ಮುಂದಿನ ಬ್ರೇಕು ಮುಟ್ಟಲೇಬಾರದು ಅಂತ ನಾವು ಹೇಳಿಕೊಡುತ್ತಿದ್ದೆವು” ಎಂದರು. ಇಳಿಯುವಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ನಿಲ್ಲಿಸುವ ಬಲ ಹೆಚ್ಚಾಗಿ ಅಲ್ಲಿಯೇ ಇರುತ್ತದೆಂದೂ, ಮೈಯನ್ನು ತಗ್ಗಿಸಿ ಹಿಂದಕ್ಕೆ ಸರಿಸಿಕೊಂಡು ಅದನ್ನು ಮೆಲ್ಲಗೆ ಬಳಸಬೇಕೆಂದೂ ಅಳಿಯನು ವಿವರಿಸಿದನು. ಮಾವನು ತಲೆದೂಗಿದರು. ಮುದುಕನ ಅನುಭವಕ್ಕೆ ತರುಣನ ತಿಳಿವಳಿಕೆ ಸೇರಿದಂತಾಯಿತು. ತರುಣನ ತಿಳಿವಳಿಕೆಯನ್ನು ಮುದುಕನ ಅನುಭವ ಅದಾಗಲೇ ಕಾಪಾಡಿತ್ತು.

ಆ ಸಂಜೆ ಮತ್ತೆ ಕೆಲಸ ನಡೆಯಿತು. ಹೊಸ ಚಕ್ರದ ಸ್ಪೋಕುಗಳು ಮೊದಲ ಕೆಲವು ಓಟಗಳಲ್ಲಿ ತಮ್ಮ ತಮ್ಮ ಜಾಗದಲ್ಲಿ ಕೂರುತ್ತವೆ. ಅದರಿಂದ ಬಿಗುವು ಕಡಿಮೆಯಾಗುತ್ತದೆ. ಮಾವನು ಮತ್ತೆ ಒಂದೊಂದನ್ನೂ ಮೀಟಿ ನೋಡಿ, ಹಿಂದಿನ ಚಕ್ರದಲ್ಲಿ ಮೂರನ್ನು ಬಿಗಿದರು. ಕೀಲುಗಳ ಬೋಲ್ಟುಗಳನ್ನೆಲ್ಲ ವ್ರೆಂಚಿನಿಂದ ಪರೀಕ್ಷಿಸಿ, ಬೋಲ್ಟಿನ ತಲೆಯಿಂದ ಫ್ರೇಮಿನವರೆಗೆ ಬಿಳಿ ಬಣ್ಣದ ಸಣ್ಣ ಗೆರೆಯನ್ನು ಎಳೆದರು. ಬೋಲ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಪ್ರತಿಸಲ ಹತ್ತುವ ಮುನ್ನ ಕಣ್ಣು ಹಾಯಿಸಿದರೆ ಸಾಕು. ತಂಗಿಗೆ ಮಾವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಸೈಕಲ್ಲು ಚೆನ್ನಾಗಿ ನಿಲ್ಲುತ್ತೆ.” ಎಷ್ಟು ವೇಗವಾಗಿ ಓಡುತ್ತದೆ ಎಂಬುದನ್ನು ಅವರು ಹೇಳಲಿಲ್ಲ, ಆ ತಾಯಿಯೂ ಕೇಳಲಿಲ್ಲ.

ಶಾಲೆಗೆ ಹೋಗುವ ಸಾಮಾನ್ಯ ಸೈಕಲ್ಲಿಗೂ ಇಳಿಜಾರಿನ ಈ ಸೈಕಲ್ಲಿಗೂ ಬೆಲೆಯಲ್ಲಿ ಅಜಗಜಾಂತರವಿರಬಹುದು. ಆದರೆ ಅವೆರಡೂ ತಮ್ಮ ಸವಾರನಿಂದ ಬೇಡುವುದು ಒಂದನ್ನೇ. ಸೀಟು ನನ್ನ ಕಾಲಿಗೆ ಸರಿಯಾಗಿದೆಯೆ, ಬ್ರೇಕು ನನ್ನ ಕೈಗೆ ಸಿಗುತ್ತದೆಯೆ, ಟೈರಿನ ಗಾಳಿ ಈ ದಾರಿಗೆ ತಕ್ಕಂತಿದೆಯೆ, ಯಾವ ಬೋಲ್ಟು ಸಡಿಲವಾಗಿದೆ ಎಂದು ಹತ್ತುವ ಮೊದಲು ಅರೆನಿಮಿಷ ನಿಂತು ನೋಡಬೇಕು. ಒಮ್ಮೆ ನೋಡಿದರೆ ಮುಗಿಯುವುದೂ ಇಲ್ಲ. ಮಳೆಗಾಲದ ಹದ ಬೇಸಗೆಗೆ ಆಗುವುದಿಲ್ಲ. ಕಳೆದ ವರ್ಷದ ಸೀಟು ಬೆಳೆದ ಕಾಲಿಗೆ ಆಗುವುದಿಲ್ಲ. ಯಂತ್ರವನ್ನು ಯಾರೋ ದೂರದಲ್ಲಿ, ನಮ್ಮನ್ನು ನೋಡದೆಯೇ ಮಾಡಿರುತ್ತಾರೆ. ಅದನ್ನು ನಮ್ಮ ಮೈಗೂ ನಮ್ಮ ನೆಲಕ್ಕೂ ಒಗ್ಗಿಸಿಕೊಳ್ಳುವ ಕೆಲಸವನ್ನು ಅವರು ನಮಗೇ ಬಿಟ್ಟಿದ್ದಾರೆ. ಆ ಕೆಲಸವನ್ನು ತಾಳ್ಮೆಯಿಂದ ಮಾಡಿದವನು ಗುಡ್ಡದ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದಾಗ, ಅವನಿಗೆ ಹೆದರಿಕೆ ಇಲ್ಲದಿರುವುದಿಲ್ಲ. ಆದರೆ ಕೈಯ ಮೇಲೆ ನಂಬಿಕೆ ಇರುತ್ತದೆ.